ಚೆಂಬು ತುಳುಕದಷ್ಟು ಗಾಳಿ

ಸಿರುಗುಪ್ಪದಿಂದ ತಂದ ಭತ್ತದ ಕೊನೆಯ ಚೀಲವನ್ನು ಬಳ್ಳಾರಿಯ ಗಿರಣಿಯಲ್ಲಿ ಇಳಿಸುತ್ತಿದ್ದಾಗ ಹೊನ್ನೂರಪ್ಪನ ಫೋನು ಬಡಿದುಕೊಂಡಿತು. ನಲವತ್ತು ವರ್ಷ ಲಾರಿ ಟೈರುಗಳಿಗೆ ಗಾಳಿ ಹಾಕಿದ ಅವನ ಗೆಳೆಯ ತಿಪ್ಪೇರುದ್ರಪ್ಪ, ಬೆಳಗಿನ ಪೂಜೆ ಮುಗಿಸಿ ಕೂತಲ್ಲೇ ಲಿಂಗೈಕ್ಯನಾಗಿದ್ದ.

ಖಾಲಿ ಲಾರಿಯನ್ನೇ ತಿರುಗಿಸಿಕೊಂಡು ಹೊನ್ನೂರಪ್ಪ ಪಾರ್ವತಿನಗರದ ಗೆಳೆಯನ ಮನೆಗೆ ಬಂದ. ದೇಶನೂರಿನ ಹೊಲದಲ್ಲಿ, ಹಿರಿಯರ ಪಕ್ಕದಲ್ಲಿ ಸಮಾಧಿಯಾಗಬೇಕು. ಲಿಂಗವಂತರ ದೇಹ, ಮಲಗಿಸುವಂತಿಲ್ಲ, ವಿಮಾನ ಕಟ್ಟಿ ಅದರಲ್ಲಿ ಕೂರಿಸಿಯೇ ಒಯ್ಯಬೇಕು. ಬಾಳೆದಿಂಡು, ಚೆಂಡುಹೂ ಕಟ್ಟಿದ ಆ ಮಂಟಪ ಆಂಬುಲೆನ್ಸಿನಲ್ಲಿ ಹಿಡಿಸುವುದಿಲ್ಲ.

ತಿಪ್ಪೇರುದ್ರಪ್ಪನ ಹೆಂಡತಿ ಅಕ್ಕನಾಗಮ್ಮ ಲಾರಿಯ ಮುಂದೆ ಬಂದು ನಿಂತಳು.

"ಹೊನ್ನೂರಪ್ಪ, ಗಾಳಿ ಎಷ್ಟ್ ಐತಿ?"

"ಭತ್ತದ ಲೋಡಿಗೆ ಹಾಕಿದ್ದೇ ಐತಕ್ಕಾ. ನೂರಾ ಹತ್ತು ಪೌಂಡು."

"ಅಷ್ಟು ಗಾಳಿಗೆ ಖಾಲಿ ಗಾಡಿ ಕುಣೀತೈತಿ. ದಾರ್ಯಾಗ ಇವರ ತಲಿ ವಾಲಬಾರ್ದು ನೋಡಪ. ನಾಕು ಮಂದಿ ಮುಂದ ನೆಟ್ಟಗ ಕುಂತು ಬಾಳಿದವ್ರು."

"ಈಗೆಲ್ಲಿ ಗಾಳಿ ನೋಡ್ಕಂತ ನಿಂದ್ರೋದವ್ವಾ?" ಎಂದ ಮಗ ದೊಡ್ಡಬಸವರಾಜ.

"ನಿಮ್ಮಪ್ಪ ಇದ್ದಿದ್ರ ಬಿಡ್ತಿದ್ರೇನು?"

ಮಗ ಅಂಗಡಿಯಿಂದ ಗಾಳಿ ಅಳೆಯುವ ಮೀಟರು ತರಲು ಹೋದ.

*

ಹದಿನೆಂಟು ವರ್ಷದ ಹಿಂದೆ ಹೊನ್ನೂರಪ್ಪ ತನ್ನ ಮಗಳ ಮದುವೆಗೆಂದು ಖಾಲಿ ಲಾರಿಯಲ್ಲಿ ಕುರುಗೋಡಿನಿಂದ ಮಣ್ಣಿನ ಗಡಿಗೆ ತಂದಿದ್ದ. "ಗಾಳಿ ಇಳಿಸಲೇ" ಎಂದು ತಿಪ್ಪೇರುದ್ರಪ್ಪ ಬಡಿದುಕೊಂಡರೂ ಕೇಳಿರಲಿಲ್ಲ. ನಲವತ್ತರಲ್ಲಿ ಒಡೆಯದೆ ಮನೆ ಮುಟ್ಟಿದ್ದು ಹನ್ನೊಂದು.

ಗೆಳೆಯ ಬೈಯಲಿಲ್ಲ. ಹಿತ್ತಾಳೆ ಚೆಂಬಿಗೆ ಕಂಠದವರೆಗೆ ನೀರು ತುಂಬಿಸಿ ಲಾರಿಯೊಳಗಿಟ್ಟ.

"ಐದೈದು ಪೌಂಡು ಇಳಿಸ್ಕಂತ ಒಂದೊಂದು ಸುತ್ತು ಹಾಕು. ನೀರು ಚೆಲ್ಲೋದು ಎಲ್ಲಿ ನಿಲ್ಲತೈತೋ ನೀನೂ ಅಲ್ಲೇ ನಿಲ್ಲು. ಇನ್ನೂ ಇಳಿಸಿದ್ಯೋ, ಟೈರು ಕಾದು ಒಡೀತೈತಿ. ಆಮ್ಯಾಕ ನನ್ನ ಅಂಗಡಿಗೇ ಬರ್ತಿ."

ಅಂದಿನಿಂದ ಖಾಲಿ ಲಾರಿಯ ಗಾಳಿ ಇಳಿಸುವಾಗೆಲ್ಲ ಆ ಚೆಂಬು ತುಂಬುವ ಕೆಲಸ ಅಕ್ಕನಾಗಮ್ಮನದು.

*

ಈಗಲೂ ಅವಳೇ ತುಂಬಿಕೊಟ್ಟಳು. ಮಗ ಮೀಟರು ಹಿಡಿದು ಗಾಳಿ ಬಿಟ್ಟ, ಹೊನ್ನೂರಪ್ಪ ಓಣಿಯ ತುದಿಯವರೆಗೆ ಹೋಗಿ ಬಂದ. ನೂರಕ್ಕೆ ಅರ್ಧ ಚೆಂಬು ಚೆಲ್ಲಿತು. ತೊಂಬತ್ತಕ್ಕೆ ಒಂದು ಬೊಗಸೆ.

"ಹೋಗಾಕ ಇಷ್ಟು ಪರೀಕ್ಷಿ ಇಟ್ಟ ಮನಷ್ಯಾನ್ನ ನಾ ನೋಡೇ ಇಲ್ಲ," ಎಂದರು ಎದುರು ಮನೆಯ ಚಿದಾನಂದಪ್ಪ.

"ಪರೀಕ್ಷಿ ನನಗ್ರೀ. ಅವರು ಪಾಸಾಗಿ ಕುಂತಾರ," ಎಂದ ಹೊನ್ನೂರಪ್ಪ.

ಅಳುತ್ತಿದ್ದ ಹೆಂಗಸರು ಸೆರಗಿನೊಳಗೇ ನಕ್ಕರು.

ಎಂಬತ್ತಕ್ಕೆ ನೀರು ಚೆಂಬಿನ ಕೊರಳಲ್ಲಿ ನಡುಗಿತು, ಚೆಲ್ಲಲಿಲ್ಲ. "ಸಾಕು," ಎಂದಳು ಅಕ್ಕನಾಗಮ್ಮ.

ವಿಮಾನ ಲಾರಿ ಏರಿತು. ಚೆಂಬನ್ನೂ ಅವಳು ಗಂಡನ ಪಾದದ ಬಳಿ ಇಡಿಸಿದಳು. ದಾರಿಯಲ್ಲಿ ಕುರುಗೋಡಿಗೆ ಬಂದಾಗ, ಹಾಸಿಗೆ ಹಿಡಿದಿದ್ದ ತಿಪ್ಪೇರುದ್ರಪ್ಪನ ಅಕ್ಕ ಗಾದೆಮ್ಮನನ್ನು ಮಂಚದ ಸಮೇತ ಹೊರಗೆ ತಂದಿದ್ದರು. ತಮ್ಮನನ್ನು ಬಹಳ ಹೊತ್ತು ನೋಡಿದಳು.

"ಹೆಂಗ ಕುಂತಾನ ನೋಡು. ಸಣ್ಣಾವಿದ್ದಾಗ ಒಂದು ಗಳಿಗಿ ಕುಂದರ್ತಿದ್ದಿಲ್ಲ."

ಮುಡಿಯ ಬಳಿಗೆಂದು ಅವಳು ಎಸೆದ ಮಲ್ಲಿಗೆ ಚೆಂಬಿನಲ್ಲಿ ಬಿತ್ತು.

ಅಲ್ಲಿಂದಾಚೆ ಕಾಲುವೆ ಪಕ್ಕದ ದಾರಿ, ಬರೀ ಗುಂಡಿ. ಹಿಂದೆ ಮಗ ಕೂತಿದ್ದ. ಹೇಗಿದೆ ಎಂದು ಕೇಳಲು ಹೊನ್ನೂರಪ್ಪನಿಗೆ ಧೈರ್ಯವಾಗಲಿಲ್ಲ. ಶಿವ ಶಿವ ಎನ್ನುತ್ತ ಸ್ಟೇರಿಂಗ್ ಹಿಡಿದ.

ದೇಶನೂರಿನ ಹೊಲದ ಬದುವಿಗೆ ಲಾರಿ ನಿಲ್ಲಿಸಿ, ಹಿಂದಿನ ಬಾಗಿಲ ಕೊಂಡಿ ತೆಗೆದ. ತಿಪ್ಪೇರುದ್ರಪ್ಪ ಕೂರಿಸಿದಂತೆಯೇ ಕೂತಿದ್ದ, ತಲೆ ವಾಲಿರಲಿಲ್ಲ. ಪಾದದ ಬಳಿ ಚೆಂಬಿನ ಕಂಠದಲ್ಲಿ ಮಲ್ಲಿಗೆ ತೇಲುತ್ತಿತ್ತು.

ಅಕ್ಕನಾಗಮ್ಮ ಚೆಂಬನ್ನು ಎರಡೂ ಕೈಯಲ್ಲಿ ಎತ್ತಿ ಹಣೆಗೆ ಮುಟ್ಟಿಸಿಕೊಂಡಳು.

"ಶಿವನೇ, ಇಲ್ಲೀತನಕ ಇವರ ಗೆಳೆಯ ಮೆಲ್ಲಗ ತಂದಾನ. ಮುಂದಿನ ದಾರಿ ನಿಂದು. ಕುಲುಕದಂಗ ಕರಕೊಂಡು ಹೋಗು, ನಿನ್ನ ನೆಳ್ಳಾಗ ಕುಂದ್ರಿಸಿಕೋ."