ಇಪ್ಪತ್ತನಾಲ್ಕು ಗಂಟೆ ನೀರು ತಾಕಬಾರದು

ಹರಿಪ್ರಿಯಾ ಮುಖಕ್ಕೆ ಸುತ್ತಿಕೊಂಡಿದ್ದ ವೇಲ್ ಬಿಚ್ಚಿದಾಗ ಸಂಘಮಿತ್ರಾ ಕೈಯಲ್ಲಿದ್ದ ಟವೆಲ್ ಕೆಳಗಿಟ್ಟಳು. ಎರಡೂ ಕೆನ್ನೆ ಕೆಂಪಗೆ ಉರಿದುಹೋಗಿದ್ದವು. ಹಣೆಯ ತುಂಬ ಸಣ್ಣ ಗುಳ್ಳೆಗಳು. ಮೇಲ್ತುಟಿಯ ಹತ್ತಿರ ಚರ್ಮ ಸಿಪ್ಪೆ ಏಳುತ್ತಿತ್ತು.

"ನೋಡಿ, ನಿಮ್ಮ ಹುಡುಗಿ ನಿನ್ನೆ ಮನೆಗೆ ಬಂದು ಮಾಡಿಹೋದ ಕೆಲಸ," ಎಂದರು ಪಕ್ಕದಲ್ಲಿ ನಿಂತಿದ್ದ ಅತ್ತೆ ಸುಂದರಮ್ಮ, ಪಾರ್ಲರಿನ ಯಜಮಾನಿ ವನಿತಾಳಿಗೆ. "ಭಾನುವಾರ ನನ್ನ ಮಗಳ ನಿಶ್ಚಿತಾರ್ಥ. ಸೊಸೆ ಈ ಮುಖ ಇಟ್ಕೊಂಡು ಬೀಗರ ಮುಂದೆ ಆರತಿ ತಟ್ಟೆ ಹಿಡಿದು ನಿಲ್ಬೇಕಾ?"

ವನಿತಾ ಕುರ್ಚಿ ಎಳೆದು ಅವರನ್ನು ಕೂರಿಸಿದಳು, ಫ್ಯಾನ್ ಜೋರು ಮಾಡಿದಳು. ಬೇರೆ ಯಾರಾದರೂ ಆಗಿದ್ದರೆ ಇಷ್ಟು ಉಪಚಾರ ನಡೆಯುತ್ತಿರಲಿಲ್ಲ. ನಂಜನಗೂಡಿನ ಈ ಪಾರ್ಲರಿನ ಇನ್ನೊಂದು ಬ್ರಾಂಚ್ ಮುಂದಿನ ತಿಂಗಳು ತಿ. ನರಸೀಪುರದಲ್ಲಿ ತೆರೆಯಬೇಕಿತ್ತು, ಆ ಮಳಿಗೆ ಸುಂದರಮ್ಮನವರ ಮನೆಯದು. ಬ್ರಾಂಚನ್ನು ನೋಡಿಕೊಳ್ಳುವುದು ಸಂಘಮಿತ್ರಾ ಎಂದು ವನಿತಾ ಆರು ತಿಂಗಳಿಂದ ಹೇಳುತ್ತಲೇ ಇದ್ದಳು. ಆರು ವರ್ಷ ತಾಂಡವಪುರದ ಕಡೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಕೆಲಸ ಮಾಡಿದವಳಿಗೆ ಆ ಮಾತು ಸಣ್ಣದಾಗಿರಲಿಲ್ಲ. ಕನ್ನಡಿಗಳನ್ನು ಯಾವ ಗೋಡೆಗೆ ಹಾಕಿಸಬೇಕು ಎನ್ನುವುದನ್ನೂ ಅವಳು ಯೋಚಿಸಿಟ್ಟುಕೊಂಡಿದ್ದಳು.

"ಬ್ಲೀಚ್ ಜಾಸ್ತಿ ಹೊತ್ತು ಬಿಟ್ಯಾ, ಮಿತ್ರಾ?" ಎಂದು ವನಿತಾ ಕೇಳಿದಳು. ಪಾರ್ಲರಿನಲ್ಲಿ ಅವಳು ಬರೀ ಮಿತ್ರಾ. ಸಂಘಮಿತ್ರಾ ಅನ್ನುವುದು ಉದ್ದವಾಯಿತು ಎಂದು ವನಿತಾ ಮೊದಲ ದಿನವೇ ಅರ್ಧ ಹೆಸರು ಕತ್ತರಿಸಿದ್ದಳು. ಉದ್ದವಾಯಿತು ಎಂಬುದು ಅವಳು ಕೊಟ್ಟ ಕಾರಣ.

"ಇಲ್ಲ ಅಕ್ಕ. ಗಡಿಯಾರ ನೋಡ್ಕೊಂಡು ಹತ್ತೇ ನಿಮಿಷ ಬಿಟ್ಟಿದ್ದು."

ಸುಳ್ಳಲ್ಲ. ಮಾಡುವ ಮುಂಚೆ ಕೇಳಬೇಕಾದ್ದು, ಮಾಡಿದ ಮೇಲೆ ಹೇಳಬೇಕಾದ್ದು ಎರಡೂ ಅವಳಿಗೆ ಬಾಯಿಪಾಠ. ಸೋಮವಾರ ಹರಿಪ್ರಿಯಾ ಸ್ಕೂಲಿನಲ್ಲಿ ಪಾಠ ಮುಗಿಸಿ ಪಾರ್ಲರಿಗೆ ಬಂದಾಗಲೇ ಕಿವಿಯ ಹಿಂದೆ ಚೂರು ಕ್ರೀಮ್ ಹಚ್ಚಿ ಪರೀಕ್ಷೆ ಮಾಡಿದ್ದಳು, ಏನೂ ಆಗಿರಲಿಲ್ಲ. ನಿನ್ನೆ ಬುಧವಾರ ಮನೆಗೆ ಹೋದಾಗ, ತಲೆಗೆ ನೀರು ಯಾವಾಗ ಹಾಕಿಕೊಳ್ಳುತ್ತೀರಿ ಎಂದು ಕೇಳಿದ್ದಳು. ಮಂಗಳವಾರ ಆಯಿತು, ಇನ್ನು ಶುಕ್ರವಾರವೇ ಎಂದಿದ್ದಳು ಹರಿಪ್ರಿಯಾ. ಹಾಗಾದರೆ ಸರಿ ಎಂದುಕೊಂಡು ಬ್ಲೀಚು, ಫೇಷಿಯಲ್ ಎರಡನ್ನೂ ಮುಗಿಸಿ, ಇಪ್ಪತ್ತನಾಲ್ಕು ಗಂಟೆ ಬಿಸಿನೀರು, ಸೋಪು, ಅರಿಶಿನ, ಬಿಸಿಲು ಯಾವುದೂ ಮುಖಕ್ಕೆ ತಾಕಬಾರದು ಎಂದು ಎರಡು ಸಲ ಹೇಳಿ ಬಂದಿದ್ದಳು.

ಹೊರಡುವಾಗ ಸುಂದರಮ್ಮ ಪೇಪರ್ ಲೋಟದಲ್ಲಿ ಕಾಫಿ ಕೊಟ್ಟು, ಪೂರ್ತಿ ಹೆಸರೇನಮ್ಮಾ, ಯಾರ ಮಗಳು, ಮನೆ ಊರಲ್ಲಿ ಯಾವ ಕಡೆ ಎಂದು ವಿಚಾರಿಸಿದ್ದರು. ಇವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಅವರು "ಓ, ಹಾಗಾ" ಎಂದು ನಗುತ್ತಲೇ ಒಳಗೆ ಹೋಗಿದ್ದರು.

ಸಂಘಮಿತ್ರಾ ಈಗ ಹರಿಪ್ರಿಯಾಳ ಹತ್ತಿರ ಬಗ್ಗಿ ನೋಡಿದಳು. ಹಣೆಯ ಅಂಚಿನಲ್ಲಿ, ಕೂದಲಿನ ಬುಡದಲ್ಲಿ, ಕಂದು ಬಣ್ಣದ ಪುಡಿ ಅಂಟಿಕೊಂಡಿತ್ತು. ಮೂಗಿಗೆ ಸೀಗೆಪುಡಿಯ ವಾಸನೆ ಬಂತು. ನಿನ್ನೆ ಇದೇ ಹಣೆಯನ್ನು ಅವಳು ಅರ್ಧ ಗಂಟೆ ತಿಕ್ಕಿದ್ದಳು, ಆಗ ಅಲ್ಲಿ ಇದು ಇರಲಿಲ್ಲ.

"ಅಕ್ಕ, ನಾನು ಹೋದ್ಮೇಲೆ ತಲೆಗೆ ಹಾಕ್ಕೊಂಡ್ರಾ?"

ಹರಿಪ್ರಿಯಾ ತನ್ನ ಉಗುರು ನೋಡುತ್ತ ಕೂತಳು. ಎಂಟು ತಿಂಗಳಿಂದ ಬೇರೆ ಯಾರ ಕೈಯೂ ನನಗೆ ಒಗ್ಗುವುದಿಲ್ಲ ಎಂದು ಸಂಘಮಿತ್ರಾಳಿಗಾಗಿಯೇ ಗಂಟೆಗಟ್ಟಲೆ ಕಾದು ಕೂರುತ್ತಿದ್ದವಳು ಅವಳೇ.

"ಹಾಕಿಸ್ದೆ, ನಾನೇ ಹಾಕಿಸ್ದೆ," ಎಂದರು ಸುಂದರಮ್ಮ. "ಅದರಲ್ಲಿ ಮುಚ್ಚುಮರೆ ಏನು? ಮನೇಲಿ ಶುಭಕಾರ್ಯ. ಮೈಕೈ ಮುಟ್ಟಿಸ್ಕೊಂಡು ಹಾಗೇ ಅಡುಗೆಮನೆಗೆ ಹೋಗೋಕಾಗತ್ತಾ? ಬಿಸಿನೀರಲ್ಲಿ ಸೀಗೆಪುಡಿ ಹಚ್ಚಿ ಚೆನ್ನಾಗಿ ತಿಕ್ಕಿಸ್ದೆ. ನಮ್ಮಮ್ಮನ ಕಾಲದಿಂದ ತಿಕ್ಕಿದ್ದೀವಿ, ಯಾರ ಮುಖವೂ ಸುಟ್ಟಿಲ್ಲ."

ಎಷ್ಟು ಸಲೀಸಾಗಿ ಹೇಳಿಬಿಟ್ಟರು. ಸಂಘಮಿತ್ರಾಳಿಗೆ ಕಿವಿಯೆಲ್ಲ ಬಿಸಿಯಾಯಿತು. ಆದರೂ ಆ ಅವಮಾನದ ಒಳಗೇ ಒಂದು ಸಮಾಧಾನ, ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದು: ತಪ್ಪು ತನ್ನ ಕೈಯದಲ್ಲ. ಇನ್ನು ವನಿತಕ್ಕ ಬಾಯಿ ಬಿಡುತ್ತಾಳೆ, ಇದು ನಮ್ಮ ತಪ್ಪಲ್ಲಮ್ಮ ಅನ್ನುತ್ತಾಳೆ ಎಂದು ಅವಳ ಮುಖ ನೋಡಿದಳು.

ವನಿತಾ ಬಾಯಿ ಬಿಟ್ಟಳು. "ಮಿತ್ರಾ, ನೀನು ಮೊದಲೇ ಹೇಳ್ಬೇಕಿತ್ತಲ್ವಾ?"

"ಏನನ್ನ ಅಕ್ಕ?"

"ದೊಡ್ಡೋರ ಮನೆಗೆ ಹೋಗೋವಾಗ ನಿನ್ನ ವಿಷಯ ಒಂದು ಮಾತು ಹೇಳಿದ್ರೆ ಅವರೇ ಬೇಡ ಅಂದಿರೋರು. ಬೇರೆ ಹುಡುಗಿ ಇದ್ಲಲ್ಲ, ಕವನಾನ ಕಳಿಸ್ತಿದ್ದೆ. ಈಗ ನೋಡು, ಪಾಪ, ಅವರ ಮುಖ."

"ನಿಮ್ಗೆ ಗೊತ್ತಿತ್ತಲ್ಲ ಅಕ್ಕ. ಕಳಿಸ್ದೋರು ನೀವೇ."

"ನನಗೆ ಗೊತ್ತಿದ್ರೆ ಆಯ್ತಾ? ಕಸ್ಟಮರ್‌ಗೆ ಗೊತ್ತಿರಬೇಕು." ಅಷ್ಟು ಹೇಳಿ ವನಿತಾ ಸುಂದರಮ್ಮನ ಕಡೆ ತಿರುಗಿ ದನಿ ಇಳಿಸಿದಳು. "ನೀವು ಯೋಚನೆ ಮಾಡ್ಬೇಡಿ ಅಮ್ಮ. ನರಸೀಪುರದಲ್ಲಿ ಕವನಾನೇ ಇರ್ತಾಳೆ."

ಆರು ತಿಂಗಳ ಮಾತು ಆರು ಸೆಕೆಂಡಿನಲ್ಲಿ ಮುಗಿಯಿತು. ಹರಿಪ್ರಿಯಾಳ ಕೆನ್ನೆಗೆ ಲೋಳೆಸರದ ಜೆಲ್ಲನ್ನು ವನಿತಾ ತಾನೇ ಹಚ್ಚಿದಳು. ಅವಳ ಕೈ ಒರಟು, ಒಂದೆರಡು ಸಲ ಹರಿಪ್ರಿಯಾ ಹಲ್ಲು ಕಚ್ಚಿದ್ದು ಕಾಣಿಸಿತು. ಸಂಘಮಿತ್ರಾಳಿಗೆ ಸುಂದರಮ್ಮನ ಮೇಲೆ ಬಂದಷ್ಟೇ ಸಿಟ್ಟು ಆ ಕಚ್ಚಿದ ಹಲ್ಲಿನ ಮೇಲೂ ಬಂತು. ಅತ್ತೆ ಸೊಸೆ ಮೆಟ್ಟಿಲಿಳಿದು ಹೋದರು. ಸೊಸೆ ತಿರುಗಿ ನೋಡಲಿಲ್ಲ.

"ಮನಸ್ಸಿಗೆ ಹಚ್ಕೋಬೇಡ ಕಣೇ," ಎಂದಳು ವನಿತಾ, ಎಲ್ಲ ಮುಗಿದ ಮೇಲೆ. "ಬಿಸ್ನೆಸ್ ಅಂದ್ರೆ ಹೀಗೇ. ಒಳಗೆ ಕಸ್ಟಮರ್ ಕಾಯ್ತಿದ್ದಾರೆ, ಹೋಗು."

ಪರದೆಯ ಒಳಗೆ ತಾಂಡ್ಯದ ಯಾವುದೋ ಫ್ಯಾಕ್ಟರಿಯ ಆಫೀಸಿನಲ್ಲಿ ಕೆಲಸ ಮಾಡುವ ಹೆಂಗಸು ಕುರ್ಚಿಗೆ ಒರಗಿದ್ದಳು. ಹಿಂದೆ ಎಂದೂ ಬಂದವಳಲ್ಲ. ಬ್ಲೀಚ್ ಮಾಡಬೇಕು ಎಂದಳು. ಸಂಘಮಿತ್ರಾ ಕೈ ತೊಳೆದು ಬಂದು, ಅವಳ ಕೂದಲನ್ನು ಹಿಂದಕ್ಕೆ ಎತ್ತಿ ಬ್ಯಾಂಡ್ ಹಾಕಿದಳು. ಹೆಂಗಸು ಹಾಯಾಗಿ ಕಣ್ಣು ಮುಚ್ಚಿಕೊಂಡಳು.

"ಮುಖಕ್ಕೆ ಯಾವುದಾದ್ರೂ ಔಷಧಿ ಹಚ್ತಾ ಇದ್ದೀರಾ ಮೇಡಂ?"

"ಇಲ್ಲ."

"ಇಲ್ಲಿಂದ ಹೋದ್ಮೇಲೆ ಬಿಸಿಲಲ್ಲಿ ಓಡಾಟ ಇದ್ಯಾ?"

"ಇಲ್ಲ, ಸೀದಾ ಮನೆಗೆ."

"ಇನ್ನೊಂದು ಮಾತು ಮೇಡಂ," ಎಂದಳು ಸಂಘಮಿತ್ರಾ. ಪರದೆಯಾಚೆ ವನಿತಾ ಫೋನಿನಲ್ಲಿ ಮಾತಾಡುತ್ತಿದ್ದದ್ದು ನಿಂತಿತು. "ಮೊದಲೇ ಹೇಳ್ಬೇಕಂತೆ, ಅದಕ್ಕೆ ಹೇಳ್ತಿದ್ದೀನಿ. ನಮ್ಮ ಮನೆ ಊರಾಚೆ ಕೇರೀಲಿರೋದು. ನಾನು ಮುಟ್ಟಿದ್ದಕ್ಕೆ ಮನೆಗೆ ಹೋಗಿ ತಲೆಗೆ ಹಾಕ್ಕೊಳ್ಳೋ ಪದ್ಧತಿ ನಿಮ್ಮಲ್ಲಿದ್ರೆ ಈಗ್ಲೇ ಹೇಳಿ. ಮುಖ ಸುಟ್ಟೋಗತ್ತೆ, ಬ್ಲೀಚ್ ಬೇಡ."

ಹೆಂಗಸು ಕಣ್ಣು ತೆರೆದಳು. ಕ್ರೀಮಿಗೆ ಪುಡಿಯನ್ನು ಇನ್ನೂ ಬೆರೆಸಿರಲಿಲ್ಲ. ಸಂಘಮಿತ್ರಾ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು.