ಕೇಳದೆ ಬಿಟ್ಟ ಪ್ರಶ್ನೆ

ಮೇಲ್ಮನವಿ ಕೋರ್ಟಿನಲ್ಲಿ ನನ್ನದು ತಾಳೆ ನೋಡುವ ಕೆಲಸ. ನ್ಯಾಯಾಧೀಶರು ಬರೆಸಿದ ತೀರ್ಪಿನ ಕರಡನ್ನು ಕೆಳಗಿನ ಕೋರ್ಟಿನ ಕಡತದೊಂದಿಗೆ ಸಾಲುಸಾಲಾಗಿ ಹೊಂದಿಸಿ ನೋಡಬೇಕು. ಇಬ್ಬರ ಕೆಲಸ ಇದು: ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಬೆರಳಿಟ್ಟು ನೋಡಬೇಕು. ಜೋಡಿಯಾಗಿದ್ದ ಹಿರಿಯ ಗುಮಾಸ್ತರು ನಿವೃತ್ತರಾದ ಮೇಲೆ ಆ ಕುರ್ಚಿಗೆ ಯಾರೂ ಬರಲಿಲ್ಲ. ಈಗ ಓದುವವನೂ ನಾನೇ, ಕೇಳುವವನೂ ನಾನೇ. ಬೇಸರ ಕಳೆಯಲು ಒಬ್ಬೊಬ್ಬರಿಗೆ ಒಂದೊಂದು ದನಿ ಕೊಡುತ್ತೇನೆ. ಸರ್ಕಾರಿ ವಕೀಲರದು ಮೂಗಿನಿಂದ. ಆರೋಪಿ ಪರ ವಕೀಲರದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ.

"ಏನಪ್ಪಾ, ಇವತ್ತು ಇಡೀ ಬೆಂಚೇ ಕೂತಿದೆಯಲ್ಲ ನಿನ್ನ ಬಾಯಲ್ಲಿ!" ಪಕ್ಕದ ಕೋಣೆಯ ಟೈಪಿಸ್ಟ್ ಅಕ್ಕ ಇಣುಕಿದಳು.

"ಬೆಂಚಿದೆ ಅಕ್ಕ, ಕೂರೋರಿಲ್ಲ."

ಆದರೆ ಈ ಕಡತದಲ್ಲಿ ಹನ್ನೊಂದು ಪುಟಗಳಿಗೆ ನಾನು ದನಿ ಕೊಡಲಿಲ್ಲ. ಅತ್ಯಾಚಾರಕ್ಕೊಳಗಾದ ಹೆಣ್ಣುಮಗಳ ಸಾಕ್ಷ್ಯ ಅದು. ಬಾಯಿ ಮುಚ್ಚಿ ಬೆರಳಲ್ಲೇ ಓದಿದೆ.

ಅಪರಾಧಿ ಹಿಂದೆಯೂ ಇಂಥದ್ದೇ ಪ್ರಕರಣದಲ್ಲಿ ಶಿಕ್ಷೆಯಾದವನೆಂದು ಕೆಳಗಿನ ಕೋರ್ಟು ಶಿಕ್ಷೆ ಹೆಚ್ಚಿಸಿ, ಸಾಯುವವರೆಗೂ ಜೈಲು ಎಂದಿತ್ತು. ನಮ್ಮ ಜಡ್ಜ್ ಮೇಡಂ ಕರಡಿನಲ್ಲಿ ಅದನ್ನೇ ಎತ್ತಿಹಿಡಿದಿದ್ದರು: 'ಹಿಂದಿನ ಶಿಕ್ಷೆಯನ್ನು ಅವನೇ ಒಪ್ಪಿಕೊಂಡಿದ್ದಾನೆ.' ಎಲ್ಲಿ ಒಪ್ಪಿದ? ಶಿಕ್ಷೆ ಹೆಚ್ಚಿಸುವ ಮೊದಲು ಅವನನ್ನು ಕೇಳಬೇಕು, ಹಿಂದೆ ಶಿಕ್ಷೆಯಾದವನು ನೀನೇನಾ ಎಂದು. ಅಲ್ಲವೆಂದರೆ ರುಜುವಾತು ಮಾಡಬೇಕು. ಆ ಪ್ರಶ್ನೆಯೇ ಕಡತದಲ್ಲಿರಲಿಲ್ಲ. ಹಳೆಯ ತೀರ್ಪಿನ ನಕಲೊಂದನ್ನು ಯಾರೋ ಸೇರಿಸಿ ಹೊಲಿದಿದ್ದರು, ಅಷ್ಟೆ. ಅವನ ವಕೀಲರೂ ಇದನ್ನು ಗಮನಿಸಿರಲಿಲ್ಲ.

ಕಡತ ಮುಚ್ಚಿದ್ದರೆ ಮುಗಿದುಹೋಗುತ್ತಿತ್ತು. ಆ ಹುಡುಗಿಯ ತಾಯಿಯ ನೆನಪಾಯಿತು. ಮೇಲ್ಮನವಿಯ ವಿಚಾರಣೆಯ ದಿನಗಳಲ್ಲೆಲ್ಲ ಚೀಲ ತೊಡೆಯ ಮೇಲಿಟ್ಟುಕೊಂಡು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು. ಒಮ್ಮೆ ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ, "ಅವಳನ್ನ ಮತ್ತೆ ಕರೆಸಲ್ಲ ತಾನೇ ಅಪ್ಪಾ? ಇನ್ನೊಂದ್ಸಲ ಹೇಳು ಅಂದ್ರೆ, ಹೇಳೋಕೆ ಅವಳು ಉಳಿಯಲ್ಲ" ಎಂದಿದ್ದರು. ಇಲ್ಲಮ್ಮ ಎಂದುಬಿಟ್ಟಿದ್ದೆ, ಏನೂ ತಿಳಿಯದೆ.

ಖಾಲಿ ಕುರ್ಚಿಯನ್ನು ನೋಡಿದೆ. ಹಿರಿಯ ಗುಮಾಸ್ತರ ದನಿ ನನ್ನ ಬಾಯಿಂದಲೇ ಬಂತು: "ತಾಳೆ ಆಗದ್ದನ್ನ ತಾಳ್ಕೊಂಡ್ರೆ ನೀನ್ಯಾಕಯ್ಯ ಇಲ್ಲಿ?" ಅನುಕರಣೆ ಚೆನ್ನಾಗಿತ್ತು. ನಗುವವರಿರಲಿಲ್ಲ.

ಕಡತ ಎತ್ತಿಕೊಂಡು ಮೇಡಂ ಕೋಣೆಗೆ ಹೋಗಿ ಆ ಸಾಲು ತೋರಿಸಿದೆ. ಅವರು ಎರಡು ಸಲ ಓದಿದರು.

"ಅವನ ವಕೀಲರೇ ಎತ್ತಿಲ್ಲವಲ್ರೀ ಇದನ್ನ."

"ಹೌದು ಮೇಡಂ. ಆದ್ರೆ ಒಪ್ಪಿದಾನೆ ಅಂತ ಕರಡಲ್ಲಿದೆ. ಅವನು ಒಪ್ಪಿಲ್ಲ."

ಆ ಕೋಣೆಯಲ್ಲಿ ನಾನು ಎಂದೂ ಪ್ರಶ್ನೆ ಕೇಳಿದವನಲ್ಲ. ಅಂದು ಕೇಳಿದೆ: "ಆ ಹುಡುಗಿ ಮತ್ತೆ ಬಂದು ಹೇಳಬೇಕಾಗುತ್ತಾ?"

ಮೇಡಂ ಕನ್ನಡಕ ತೆಗೆದರು. "ಅಪರಾಧ ಸಾಬೀತಾಗಿದೆ, ಅದನ್ನ ಮುಟ್ಟಲ್ಲ. ಎರಡೂ ಕಡೆ ವಕೀಲರನ್ನ ಇದೊಂದರ ಮೇಲೆ ಕೇಳ್ತೀನಿ. ದೋಷ ನಿಜವಾದ್ರೆ, ಶಿಕ್ಷೆ ಎಷ್ಟು ಅನ್ನೋದಷ್ಟೇ ವಾಪಸ್ ಹೋಗುತ್ತೆ. ಬರಬೇಕಾದವನು ಅವನು, ಅವಳಲ್ಲ."

ಹತ್ತು ದಿನದ ಮೇಲೆ ತೀರ್ಪು ಬಂತು. ತಾಯಿಯ ಕಿವಿಗೆ ಬಿದ್ದದ್ದು ಒಂದೇ ಮಾತು. ನೇರ ನನ್ನ ಮೇಜಿನ ಬಳಿಗೆ ಬಂದರು.

"ರದ್ದು ಅಂದ್ರಲ್ಲಪ್ಪಾ! ಬಿಟ್ಬಿಟ್ರಾ ಅವನನ್ನ?"

"ಇಲ್ಲಮ್ಮ, ಒಳಗೇ ಇರ್ತಾನೆ. ಎಷ್ಟು ವರ್ಷ ಅನ್ನೋದನ್ನ ಕೆಳಗಿನ ಕೋರ್ಟು ಮತ್ತೆ ನೋಡುತ್ತೆ."

"ಸಾಯೋವರೆಗೂ ಅಂದಿದ್ರಲ್ಲ."

"ಮತ್ತೆ ಹಾಗೇ ಅನ್ನಬಹುದು. ಕಡಿಮೇನೂ ಅನ್ನಬಹುದು."

"ಅವನ ವಕೀಲ ಅಷ್ಟೊಂದು ಹುಷಾರಾ?"

ಹೂಂ ಅಂದಿದ್ದರೆ ಸಾಕಿತ್ತು. "ಅವರಲ್ಲಮ್ಮ. ಹುಡುಕಿದ್ದು ನಾನು."

ಅವರು ಚೀಲವನ್ನು ಹತ್ತಿರಕ್ಕೆಳೆದುಕೊಂಡರು. "ಅವಳು ಬರೋದು ಬೇಡ ತಾನೇ?"

"ಬೇಡ."

"ಬರೆದುಕೊಡು. ಬಾಯಿಮಾತು ಅವಳು ನಂಬಲ್ಲ ಈಗ."

ಅವಳನ್ನು ಮತ್ತೆ ಕರೆಸಬೇಕಿಲ್ಲ ಎಂದಿದ್ದ ತೀರ್ಪಿನ ಎರಡು ಸಾಲನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಮೇಜಿನ ಮೇಲಿದ್ದ ತೀರ್ಪಿನ ಪುಟವನ್ನು ತಮ್ಮತ್ತ ಎಳೆದುಕೊಂಡು, ಚೀಟಿಯನ್ನು ನನ್ನ ಕೈಗೇ ಮರಳಿಸಿದರು. "ಓದು. ಒಂದಕ್ಷರ ತಪ್ಪಿರಬಾರದು."

ನಾನು ಓದಿದೆ, ನನ್ನದೇ ದನಿಯಲ್ಲಿ. ಅವರು ಸಾಲಿನ ಮೇಲೆ ಬೆರಳಿಟ್ಟು ನೋಡಿದರು. ಆಮೇಲೆ ಚೀಟಿ ಮಡಚಿ ಚೀಲಕ್ಕೆ ಹಾಕಿಕೊಂಡು, ನನ್ನ ಕಡೆ ತಿರುಗಿಯೂ ನೋಡದೆ ಮೆಟ್ಟಿಲಿಳಿದು ಹೋದರು.