ಶಿಬಾವುರಾ ತಿರುವು

ಆಟವೊಂದಕ್ಕೆ ನೂರು ಯೆನ್, ಗೆಲುವುಗಳನ್ನು ನೆನಪಿಡುವ ಕಾರ್ಡಿಗೆ ಮುನ್ನೂರು. ಟೋಕಿಯೊದ ರಸ್ತೆಗಳನ್ನೇ ತೋರಿಸುವ ಆ ಕಾರು ರೇಸಿನ ವಿಡಿಯೊ ಗೇಮಿನಲ್ಲಿ ಶಿಬಾವುರಾ ತಿರುವನ್ನು ಬ್ರೇಕ್ ಒತ್ತದೆ ದಾಟುತ್ತಿದ್ದವನು ಟ್ಯಾಕ್ಸಿ ಚಾಲಕ ಕುರಾಮೊಚಿ ಒಬ್ಬನೇ.

ಒಂದು ಮಧ್ಯಾಹ್ನ ನಿಜವಾದ ಶಿಬಾವುರಾ ತಿರುವಿನಲ್ಲೂ ಅವನ ಕಾಲು ಬ್ರೇಕಿಗೆ ಹೋಗಲಿಲ್ಲ. ಹಿಂದೆ ಕೂತಿದ್ದ ಅಜ್ಜಿಯ ಮಡಿಲಿನಿಂದ ಡಬ್ಬಿ ಹಾರಿಬಿತ್ತು. ಗಂಡನ ಸಮಾಧಿಗೆಂದು ಒಯ್ಯುತ್ತಿದ್ದ ಮೋಚಿಗಳು, ಹೂರಣ ತುಂಬಿದ ಅಕ್ಕಿಹಿಟ್ಟಿನ ಸಿಹಿಯುಂಡೆಗಳು, ಎಲ್ಲ ಅಪ್ಪಚ್ಚಿಯಾದವು.

"ತಪ್ಪಾಯ್ತಮ್ಮ, ದುಡ್ಡು ಬೇಡ."

"ತಗೊಳಪ್ಪ. ನಮ್ಮನೆಯವ್ರೂ ಹಿಂಗೇ ಓಡಿಸ್ತಿದ್ರು. ಅದಕ್ಕೇ ಅಲ್ವಾ ಈಗ ಅಲ್ಲಿ ಮಲಗಿರೋದು!"

ಅಜ್ಜಿ ಪೂರ್ತಿ ಬಾಡಿಗೆ ಕೊಟ್ಟು, ಬಾಗಿ ನಮಸ್ಕರಿಸಿದರು. ಕುರಾಮೊಚಿಗೆ ತಲೆ ಎತ್ತಲಾಗಲಿಲ್ಲ. ಸಂಜೆ ತನ್ನ ಗೇಮಿನ ಕಾರ್ಡನ್ನು ಮುರಿದುಹಾಕಿದ. ಅವನ ಗೆಲುವುಗಳೆಲ್ಲ ಹೋದವು. ಅಜ್ಜಿಯ ಗಂಡನಿಗೆ ಆ ದಿನ ಮೋಚಿಯಂತೂ ಸಿಗಲಿಲ್ಲ.